ಶ್ರೆಡ್ಡರ್ ಬ್ಲೇಡಿಗೆ ಮನೆಯಲ್ಲೇ ಸಾಣೆ: ಎರಡು ಜೊತೆ ಹಾಳು ಮಾಡಿಕೊಂಡ ಮೇಲೆ ಕೈಹಿಡಿದ ದಾರಿ

ತೆಂಗಿನ ಗರಿ ಚೂರು ಮಾಡೋ ನಮ್ಮ ಶ್ರೆಡ್ಡರಿನ ಈ ಜೊತೆ ಬ್ಲೇಡಿಗೆ ನಾನೇ ಸಾಣೆ ಹಿಡಿದದ್ದು ಮೊನ್ನೆಗೆ ಒಂಬತ್ತನೇ ಸಲ. ಎಡೆಮಟ್ಟೆಯ, ಅಂದರೆ ಗರಿಯ ದಿಂಡಿನ, ದಪ್ಪ ಬುಡ ಒಳಗೆ ಹೋಗುವಾಗಲೂ ಸ್ಟಾರ್ಟರ್ ಮೇಲಿನ ಆಂಪಿಯರ್ ಮುಳ್ಳು ಆರು ಮುಟ್ಟಲಿಲ್ಲ, ಮೋಟರಿಗೆ ಭಾರವೇ ಆಗಲಿಲ್ಲ. ಬರೆಯೋಣ ಅನ್ನಿಸಿದ್ದೇ ಅದಕ್ಕೆ. ‘ಇದು ಮನೇಲಿ ಆಗೋ ಕೆಲ್ಸ ಅಲ್ಲ’ ಅಂತ ಹೇಳಿದವರು ಒಬ್ಬಿಬ್ಬರಲ್ಲ. ಮೆಷಿನ್ ಮಾರಿದವರು ಹೇಳಿದರು, ಮೈಸೂರಿನ ವರ್ಕ್‌ಶಾಪಿನವರು ಹೇಳಿದರು, ನಮ್ಮ ಮನೆಯಾಕೆ ಹೇಳಿದಳು. ಭಾವಮೈದ ಅಂತೂ ನಾಲ್ಕು ಜನರ ಮುಂದೆಯೇ ನಕ್ಕ. “ಅಯ್ಯೋ ಬುಡಿ ಭಾವ, ಇನ್ನೊಂದು ಜೊತೆ ತಂದು ಬಿಗಿಯೋದ್ ಬುಟ್ಟು ಇದ್ಯಾಕೆ ತಲೆನೋವು?”

ಮೆಷಿನ್ ಯಾವುದು ಅಂತ ಮೊದಲೇ ಹೇಳಿಬಿಡ್ತೀನಿ, ಇಲ್ಲದಿದ್ದರೆ ನನ್ನ ಲೆಕ್ಕ ನಿಮ್ಮದಕ್ಕೆ ತಾಳೆಯಾಗಲ್ಲ. ಐದು ಎಚ್‌ಪಿ ತ್ರೀ ಫೇಸ್ ಮೋಟರ್, ದಪ್ಪ ಡಿಸ್ಕ್, ಅದರ ಮೇಲೆ ಎರಡು ಬ್ಲೇಡ್, ಎದುರಿಗೆ ಅಲುಗಾಡದ ಒಂದು ಬೆಡ್ ಬ್ಲೇಡ್, ಹಿಂದೆ ಚೂರನ್ನು ಜಜ್ಜೋ ಹ್ಯಾಮರ್. ಬ್ಲೇಡು ಏಳು ಇಂಚು ಉದ್ದ, ಮೂರು ಇಂಚು ಅಗಲ, ಒಂಬತ್ತು ಎಂಎಂ ದಪ್ಪ. ಹೊಸದರಲ್ಲಿ ಒಂದೊಂದು 850 ಗ್ರಾಂ ಆಸುಪಾಸು ಇತ್ತು. ಬಿಚ್ಚೋದು, ಜೋಡಿಸೋದು ನಿಮಗೆಲ್ಲ ಗೊತ್ತಿರೋದೇ. ಒಂದು ಮಾತು ಮಾತ್ರ: ಕೈ ಹಾಕೋ ಮೊದಲು ಫ್ಯೂಸ್ ಕಿತ್ತು ಜೇಬಿಗೆ ಹಾಕ್ಕೊಳ್ಳಿ. ಸ್ಟಾರ್ಟರ್ ಆಫ್ ಮಾಡಿದ್ದೀನಿ ಅಂತ ನಂಬಿ ಕೂರೋ ಹಾಗಿಲ್ಲ. ನಮ್ಮ ಕಡೆ ಅರ್ಧ ಜನ ಸ್ಟಾರ್ಟರಿಗೆ ಆಟೋ ಹಾಕ್ಕೊಂಡಿರ್ತಾರೆ, ಕರೆಂಟು ಬಂದ ತಕ್ಷಣ ಅದರಪಾಡಿಗದು ತಿರುಗುತ್ತೆ.

ತೋಟ ಪಾಂಡವಪುರದ ಪಕ್ಕ, ವಿಸಿ (ವಿಶ್ವೇಶ್ವರಯ್ಯ) ನಾಲೆ ಬಯಲು, ಒಂದೂಮುಕ್ಕಾಲು ಎಕರೆ, ತೊಂಬತ್ತು ತೆಂಗು. ಮರಕ್ಕೆ ತಿಂಗಳಿಗೊಂದು ಗರಿ ಅಂದರೂ ವರ್ಷಕ್ಕೆ ಸಾವಿರ ದಾಟುತ್ತೆ. ಮೊದಲು ಹಂಡೆ ಒಲೆಗೆ ಒಂದಿಷ್ಟು, ಆಲೆಮನೆಗೆ ಒಂದಿಷ್ಟು ಅಂತ ಖರ್ಚಾಗಿಬಿಡುತ್ತಿತ್ತು. ಈಗ ಮನೆ ಮೇಲೆ ಸೋಲಾರ್ ಕೂತಿದೆ. ಮೂಲೆಗೆ ಗುಡ್ಡೆ ಹಾಕಿ ಕೊಳೆಯಲು ಬಿಟ್ಟರೆ ತೆಂಗಿನ ಸುಳಿ ಕೊರೆಯೋ ಕುರುವಾಯಿ ಹುಳಕ್ಕೆ ಬಾಣಂತಿ ಕೋಣೆ ಕಟ್ಟಿಕೊಟ್ಟ ಹಾಗೆ. ಹಾಗಾಗಿ ಶ್ರೆಡ್ಡರ್ ಬಂತು. ಗರಿ ಸಾಲದು ಅಂತ ಕಬ್ಬಿನ ತರಗನ್ನೂ ಅದಕ್ಕೇ ತಿನ್ನಿಸುತ್ತೀನಿ. ಕಬ್ಬಿನ ಎಲೆ ಸೋಕಿದರೆ ಕೈ ಕುಯ್ಯುತ್ತಲ್ಲ, ಎಲೆಯಲ್ಲಿರೋ ಮರಳಿನಂಥ ಆ ಸಿಲಿಕಾನೇ ಬ್ಲೇಡಿನ ಬಾಯನ್ನೂ ತಿನ್ನೋದು. ನೆಲಕ್ಕೆ ಬಿದ್ದು ತಿಂಗಳಾದ ಗರಿಯಲ್ಲಿರೋ ಮರಳು ಅದಕ್ಕಿಂತ ಕೇಡು.

ಹೊಸ ಬ್ಲೇಡು ಸುಮಾರು ನಾನೂರು ಗರಿ ತಿಂದು ಮೊಂಡಾಯಿತು. ಮೊಂಡಾದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತೆ. ಕಚಕಚ ಅನ್ನುತ್ತಿದ್ದದ್ದು ಗುಡುಗುಡು ಅನ್ನೋಕೆ ಶುರು. ಚೂರು ಬೀಳೋ ಜಾಗದಲ್ಲಿ ನಾರು ಜಡೆಜಡೆಯಾಗಿ ಬರುತ್ತೆ. ಮುಳ್ಳು ಒಂಬತ್ತಕ್ಕೆ ಹೋಗುತ್ತೆ, ರಿಲೇ ಟ್ರಿಪ್ ಆಗುತ್ತೆ. ತ್ರೀ ಫೇಸ್ ಸಿಗೋದೇ ದಿನಕ್ಕೆ ಏಳು ಗಂಟೆ, ಅದರಲ್ಲಿ ನೀರು ಹಾಯಿಸೋದು ಕಳೆದು ಉಳಿದ ಹೊತ್ತಿನಲ್ಲಿ ಮತ್ತೆ ಮತ್ತೆ ರೀಸೆಟ್ ಒತ್ತುತ್ತಾ ನಿಂತರೆ ಎಂಥವನಿಗೂ ರೇಗುತ್ತೆ.

ಮೊದಲ ಸಲ ಮೈಸೂರಿಗೆ ಹೊತ್ತುಕೊಂಡು ಹೋದೆ. ಹೆಬ್ಬಾಳ ಇಂಡಸ್ಟ್ರಿಯಲ್ ಏರಿಯಾದ ಕಡೆ ಒಂದು ವರ್ಕ್‌ಶಾಪು. ಬ್ಲೇಡಿಗೆ ಇನ್ನೂರರಂತೆ ನಾನೂರು, ಬೆಡ್ ಬ್ಲೇಡಿಗೆ ನೂರೈವತ್ತು. ಕೊಡೋಕೆ ಒಂದು ದಿನ, ತರೋಕೆ ಒಂದು ದಿನ, ಬಸ್ಸು, ಊಟ, ಎಲ್ಲ ಸೇರಿ ಎಂಟುನೂರು ಹಿಡಿಯಿರಿ. ಕೆಲಸ ನೋಡೋಕೆ ಚೆನ್ನಾಗಿತ್ತು, ಫಳಫಳ. ಆದರೆ ನೂರೈವತ್ತು ಗರಿಗೆ ಮತ್ತೆ ಮೊಂಡು. ಎರಡನೇ ಸಲ ಕೊಟ್ಟಾಗ ಅಲ್ಲೇ ನಿಂತು ನೋಡಿದೆ. ಸರತಿಯಲ್ಲಿ ಇನ್ನೂ ಹತ್ತು ಜನರ ಕೆಲಸ ಕಾಯ್ತಿತ್ತು, ಹುಡುಗ ಒಂದೇ ಸಲಕ್ಕೆ ಒತ್ತಿ ಒತ್ತಿ ಉಜ್ಜಿ, ಕಿಡಿ ಹಾರಿಸಿ, ಮುಗೀತು ಅಂದ. ಅವನದ್ದೂ ತಪ್ಪಿಲ್ಲ, ಪೀಸ್ ಲೆಕ್ಕದ ಕೆಲಸ. ಅಷ್ಟು ಆತುರದಲ್ಲಿ ಮಾಡೋದಾದರೆ ನಾನೇ ಮಾಡಬಹುದಲ್ಲ ಅನ್ನಿಸಿತು. ಹಾಳಾಗೋಕೆ ಅಷ್ಟು ಸಾಕಾಯ್ತು.

ಮೊದಲನೇ ಜೊತೆಯನ್ನು ನಾಲ್ಕಿಂಚಿನ ಆಂಗಲ್ ಗ್ರೈಂಡರಿನಲ್ಲಿ ಕೊಂದೆ. ವೈಸಿಗೆ ಕಚ್ಚಿಸಿ, ಫ್ಲ್ಯಾಪ್ ಡಿಸ್ಕ್ ಹಾಕಿ, ಹತ್ತು ನಿಮಿಷದಲ್ಲಿ ಎರಡೂ ಮುಗಿಸಿದೆ. ಉಗುರಿನ ಮೇಲಿಟ್ಟರೆ ಕಚ್ಚುತ್ತಿತ್ತು. ಬಾಯಿಯ ಉದ್ದಕ್ಕೂ ನವಿಲುಗರಿ ಥರ ಒಂದು ನೀಲಿ ಗೆರೆ, ಎಷ್ಟು ಚೆಂದ ಅಂದುಕೊಂಡೆ. ಇಪ್ಪತ್ತು ಗರಿ ಹೋಗಿರಬೇಕು, ಬಾಯಿ ತಗಡಿನ ಹಾಗೆ ಮಡಚಿಕೊಂಡಿತ್ತು. ನಮ್ಮೂರಿನಲ್ಲಿ ಕುಲುಮೆ ಇನ್ನೂ ಇಟ್ಟುಕೊಂಡಿರೋ ಆಚಾರ್ರ ಹತ್ತಿರ ಒಯ್ದೆ. ಅವರು ಬ್ಲೇಡನ್ನು ಬಿಸಿಲಿಗೆ ಹಿಡಿದು ಒಮ್ಮೆ ಓರೆ ಮಾಡಿ ನೋಡಿದರು, ಅರದಿಂದ ಒಂದೆಳೆ ಗೀಚಿದರು. ಬ್ಲೇಡು ಗಟ್ಟಿಯಿದ್ದಿದ್ದರೆ ಅರ ಜಾರಬೇಕಿತ್ತು, ಜಾರಲಿಲ್ಲ, ಕಚ್ಚಿತು. “ನೀಲಿ ತಿರುಗ್ಸಿದ್ದೀಯಲ್ಲಪ್ಪ, ಇದರ ಜೀವ ಹೋಯ್ತು. ಇನ್ನು ಇದು ಬರೀ ಕಬ್ಣ” ಅಂದರು. ಉಕ್ಕು ಕಾದು ಒಣಹುಲ್ಲಿನ ಹಳದಿ ಬಣ್ಣ ಬಂದರೆ ಇನ್ನೂರಿಪ್ಪತ್ತು ಮೂವತ್ತು ಡಿಗ್ರಿ, ನೀಲಿ ಅಂದರೆ ಮುನ್ನೂರರ ಹತ್ತಿರ ಅಂತ ಆಮೇಲೆ ತಿಳಿಯಿತು. ಆಚಾರ್ರಿಗೆ ಡಿಗ್ರಿ ಬೇಕಿರಲಿಲ್ಲ.

ಎರಡನೇ ಜೊತೆ 2,400 ಕೊಟ್ಟು ತಂದೆ. ಮೊಂಡಾದಾಗ ಭಾವಮೈದನ ಗ್ಯಾರೇಜಿನ ಬೆಂಚ್ ಗ್ರೈಂಡರ್. ಈ ಸಲ ಬುದ್ಧಿ ಬಂದಿತ್ತು, ಪಕ್ಕದಲ್ಲೇ ಬಕೆಟ್ಟಿನಲ್ಲಿ ನೀರು, ಎರಡು ಸಲ ಉಜ್ಜಿದರೆ ಒಂದು ಸಲ ಅದ್ದೋದು. ನೀಲಿ ಬರಲಿಲ್ಲ. ಆದರೆ ಕೈಯಲ್ಲೇ ಹಿಡಿದು ಉಜ್ಜಿದ್ದಕ್ಕೆ ಬಾಯಿ ನಡುವೆ ಹೊಟ್ಟೆ ಒಳಗೆ ಹೋಗಿ ಕುಡ್ಲಿನ ಆಕಾರಕ್ಕೆ ತಿರುಗಿತು. ಎರಡೂ ತುದಿಯಲ್ಲಿ ಬೆಡ್ ಬ್ಲೇಡಿಗೆ ತಾಗೋ ಹಾಗಿದೆ, ನಡುವೆ ಎರಡು ಎಂಎಂ ಸಂದು. ತೆಂಗಿನ ನಾರು ಬಿಡುತ್ತಾ? ಆ ಸಂದಿನಲ್ಲಿ ಸಿಕ್ಕಿ ಶಾಫ್ಟಿಗೆ ಹಗ್ಗ ಹೊಸೆದ ಹಾಗೆ ಸುತ್ತಿಕೊಂಡಿತು. ಅದಕ್ಕಿಂತ ದೊಡ್ಡ ತಪ್ಪು ಇನ್ನೊಂದು. ಒಂದು ಬ್ಲೇಡಿನಲ್ಲಿ ನಿಕ್ಕು (ಬಾಯಿ ಚಕ್ಕೆ ಎದ್ದ ಜಾಗ) ದೊಡ್ಡದಿತ್ತು ಅಂತ ಅದನ್ನು ಜಾಸ್ತಿ ಉಜ್ಜಿದ್ದೆ. ಮೆಷಿನ್ ಶುರುವಾದಾಗ ಕಾಲ ಕೆಳಗಿನ ನೆಲ ನಡುಗಿತು. ಮೂರನೇ ದಿನ ಬೇರಿಂಗ್ ಹೋಯಿತು, 450 ರೂಪಾಯಿ. ಬಿಚ್ಚಿ ಅಡುಗೆಮನೆಯ ತಕ್ಕಡಿಯಲ್ಲಿಟ್ಟರೆ ಎರಡಕ್ಕೂ 14 ಗ್ರಾಂ ವ್ಯತ್ಯಾಸ. ಹದಿನಾಲ್ಕು ಗ್ರಾಂ ಏನು ಮಹಾ ಅನ್ನಬೇಡಿ, ಆ ಸುತ್ತಿನಲ್ಲಿ ಅದು ಸುತ್ತಿಗೆ ಏಟು. ಆಯುಧಪೂಜೆ ಬಂದಾಗ ಇದೇ ಜೊತೆಗೆ ಕುಂಕುಮ ಇಟ್ಟು, ನಿಂಬೆಹಣ್ಣು ಕೊಯ್ದದ್ದು ಮಾತ್ರ ಮನೆಯ ಈಳಿಗೆಮಣೆಯಲ್ಲಿ. ಭಾವಮೈದ ಅದನ್ನೂ ನೋಡಿ ನಕ್ಕ.

ಮೂರನೇ ಜೊತೆ ಬಂದ ಮೇಲೆ ಕೈಯಲ್ಲಿ ಹಿಡಿಯೋದಿಲ್ಲ, ಜೋರು ಚಕ್ರಕ್ಕೆ ಮುಟ್ಟಿಸೋದಿಲ್ಲ ಅಂತ ಗಟ್ಟಿ ಮಾಡಿಕೊಂಡೆ. ನಾಲ್ಕಿಂಚಿನ ಗ್ರೈಂಡರಿನ ಅಂಚು ಸೆಕೆಂಡಿಗೆ ಐವತ್ತೈದು ಮೀಟರಿನ ಮೇಲೆ ಓಡುತ್ತೆ, ಬೆಂಚ್ ಗ್ರೈಂಡರ್ ಮೂವತ್ತರ ಹತ್ತಿರ. ನನಗೆ ಬೇಕಾದ್ದು ಐದಾರು. ಗುಜರಿಯಲ್ಲಿ ಅರ್ಧ ಎಚ್‌ಪಿ ಸಿಂಗಲ್ ಫೇಸ್ ಮೋಟರ್ ಸಿಕ್ಕಿತು, 1440 ಸುತ್ತಿನದು, 1,100 ರೂಪಾಯಿ. ಮೋಟರಿಗೆ ಮೂರಿಂಚಿನ ಪುಲ್ಲಿ, ಶಾಫ್ಟಿಗೆ ಎಂಟಿಂಚಿನದು, 540 ಸುತ್ತು ಬಂತು. ಶಾಫ್ಟನ್ನು ಹಿಡಿಯೋ ಬೇರಿಂಗ್ ಗೂಡು ಅಂದರೆ ಪ್ಲಮ್ಮರ್ ಬ್ಲಾಕ್ ಎರಡು, ಲೇತಿನಲ್ಲಿ ತಿರುವಿಸಿದ ಶಾಫ್ಟು, ಸೇರಿ ಎಂಟುನೂರು. ಪುಲ್ಲಿ, ಬೆಲ್ಟು ನಾನೂರೈವತ್ತು. ಸಾಣೆ ಚಕ್ರ ಮೈಸೂರಿನ ಸಂತೆಪೇಟೆಯಲ್ಲಿ ತಂದೆ: ಎಂಟಿಂಚು, ಒಂದಿಂಚು ದಪ್ಪ, ಬಿಳಿ ಅಲ್ಯೂಮಿನಿಯಂ ಆಕ್ಸೈಡ್, 60 ಗ್ರಿಟ್ (ಕಾಳಿನ ಅಳತೆ), ಕೆ ಗ್ರೇಡು (ಸ್ವಲ್ಪ ಮೆದು). ಅಂಗಡಿಯವನು ಹಸಿರು ಚಕ್ರ ಕೊಡೋಕೆ ನೋಡಿದ, ಅದು ಕಾರ್ಬೈಡಿಗೆ. ತರುವಾಗ ಸ್ಕ್ರೂಡ್ರೈವರ್ ಹಿಡಿಯಿಂದ ತಟ್ಟಿ ನೋಡಿ, ಟಣ್ ಅನ್ನಬೇಕು. ಬಿರುಕುಬಿಟ್ಟ ಮಡಕೆ ತಟ್ಟಿದಂಥ ಸದ್ದು ಬಂದರೆ ಅಲ್ಲೇ ಬಿಟ್ಟು ಬನ್ನಿ.

ಬ್ಲೇಡ್ ಹಿಡಿಯೋ ಗಾಡಿಯೇ ಇದರಲ್ಲಿ ಮುಖ್ಯ. ಮೊದಲು ಹಲಸಿನ ಹಲಗೆಯಲ್ಲಿ, ಬ್ಲೇಡಿನ ಬಾಯಿಯ ಓರೆಗೆ ತಕ್ಕಂತೆ ಮೂವತ್ತು ಡಿಗ್ರಿಗೆ ಕೊಯ್ಸಿ ಮಾಡಿದೆ, ಬಡಗಿ ಕೆಲಸ ನೋಡಿದವರೆಲ್ಲ ಭೇಷ್ ಅಂದರು. ಎರಡನೇ ದಿನ ನೀರು ಕುಡಿದು ಊದಿಕೊಂಡು ಮೂವತ್ತು ಎಷ್ಟಕ್ಕೆ ಹೋಯಿತೋ ದೇವರಿಗೇ ಗೊತ್ತು. ಆಮೇಲೆ ಸ್ಲೈಡಿಂಗ್ ಕಿಟಕಿಯ ಅಲ್ಯೂಮಿನಿಯಂ ಟ್ರ್ಯಾಕು. ಮನೆ ಕಟ್ಟೋರ ಹತ್ತಿರ ತುಂಡು ಬಿದ್ದಿರುತ್ತೆ, ನನಗೆ 120 ರೂಪಾಯಿಗೆ ಚಕ್ರದ ಸಮೇತ ಸಿಕ್ಕಿತು. ಕಿಟಕಿ ಓಡೋ ಹಾಗೆಯೇ ಬ್ಲೇಡು ಎಡಕ್ಕೂ ಬಲಕ್ಕೂ ಸಾಣೆಯ ಮುಂದೆ ಓಡುತ್ತೆ. ಮುಂದಕ್ಕೆ ಹೋಗೋಕೆ ಹಿಂದೆ ಒಂದು ಎಂ8 ಬೋಲ್ಟು. ಅದರ ಎಳೆ ಒಂದೂಕಾಲು ಎಂಎಂ. ತಲೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ತಿರುಗಿಸಿದರೆ ಆರರಲ್ಲಿ ಒಂದು ಸುತ್ತು, ಅಂದರೆ 0.2 ಎಂಎಂ. ಅದಕ್ಕಿಂತ ಜಾಸ್ತಿ ಒಂದೇ ಸಲಕ್ಕೆ ಕೊಡಬೇಡಿ.

ನೀರಿಗೆ ಸಲೈನ್ ಸೆಟ್. ಅವ್ವನಿಗೆ ಮನೆಯಲ್ಲೇ ಡ್ರಿಪ್ ಹಾಕಿಸಿದಾಗ ಒಂದು ಹೊಸದು ಉಳಿದಿತ್ತು. ಮೇಲೆ ಐದು ಲೀಟರ್ ಕ್ಯಾನು, ಕೆಳಗೆ ಬ್ಲೇಡು ಕಲ್ಲಿಗೆ ತಾಗೋ ಜಾಗಕ್ಕೆ ಸರಿಯಾಗಿ ಟ್ಯೂಬಿನ ತುದಿ. ಅದರ ಪುಟ್ಟ ಗಾಲಿಯನ್ನು ಪೂರ್ತಿ ಬಿಟ್ಟರೆ ನೂಲಿನಂಥ ಧಾರೆ ಬರುತ್ತೆ, ಅಷ್ಟು ಸಾಕು. ಮೋಟರಿಗೆ ಇನ್ನೊಂದು ಕ್ಯಾನು ಕೊಯ್ದು ಕೊಪ್ಪೆ ಹೊದಿಸಿದ್ದೀನಿ. ನಿಲ್ಲಿಸುವಾಗ ಮೊದಲು ನೀರು ಬಂದ್ ಮಾಡಿ, ಚಕ್ರವನ್ನು ಎರಡು ನಿಮಿಷ ಖಾಲಿ ಓಡಿಸಬೇಕು. ಇಲ್ಲದಿದ್ದರೆ ನೀರೆಲ್ಲ ಕಲ್ಲಿನ ಕೆಳಭಾಗಕ್ಕೆ ಇಳಿದು ಮರುದಿನ ಚಕ್ರ ಕುಣಿಯುತ್ತೆ. ನನಗೆ ಒಂದು ದಿನ ಕುಣಿದಿದೆ. ಬೆಲ್ಟು ಎಗರಿ ಗೋಡೆಗೆ ಬಿತ್ತು, ಪುಣ್ಯಕ್ಕೆ ನಾನು ಬೀಡಿ ಹಚ್ಚೋಕೆ ಆಚೆ ಹೋಗಿದ್ದೆ.

ಬಾಯಿ ತೆಳ್ಳಗಾದಂತೆ ಹುಷಾರು ಹೆಚ್ಚಬೇಕು. ಬ್ಲೇಡಿನ ಬೆನ್ನು ಮುಟ್ಟಿದರೆ ತಣ್ಣಗೇ ಇರುತ್ತೆ, ಆದರೆ ಕೂದಲಿನಷ್ಟು ಅಂಚು ಅಷ್ಟರಲ್ಲೇ ಸುಟ್ಟಿರುತ್ತೆ. ಹಾಗಾಗಿ ಕೊನೆಯ ಹತ್ತು ಓಟಕ್ಕೆ ಬೋಲ್ಟನ್ನು ಮುಟ್ಟೋದೇ ಇಲ್ಲ. ಅದೇ ಆಳದಲ್ಲಿ ಕಿಡಿ ನಿಲ್ಲೋ ತನಕ, ಶಬ್ದ ಸಣ್ಣಗಾಗೋ ತನಕ ಓಡಿಸ್ತೀನಿ. ಆಮೇಲೆ ಹಿಂಬದಿಗೆ ಬೆರಳು ಆಡಿಸಿದರೆ ಉದ್ದಕ್ಕೂ ಒಂದು ಸಣ್ಣ ತುಟಿ ಸಿಗುತ್ತೆ, ವರ್ಕ್‌ಶಾಪಿನವರು ಬರ್ ಅಂತಾರಲ್ಲ, ಅದು. ಆ ತುಟಿ ಈ ತುದಿಯಿಂದ ಆ ತುದಿಗೆ ತುಂಡಾಗದೆ ಬಂದರೆ ಗ್ರೈಂಡಿಂಗ್ ಮುಗಿಯಿತು. ಎಣ್ಣೆಕಲ್ಲಿನ ಮೇಲೆ ಹಿಂಬದಿಯನ್ನು ಚಪ್ಪಟೆ ಇಟ್ಟು ತುಟಿ ತೆಗೆದು, ಮುಂಬದಿಗೆ ಎರಡು ಮೂರು ಡಿಗ್ರಿ ಎತ್ತಿ ಆರೇಳು ಸಲ ಮಸೆದರೆ ಸಾಕು. ಈ ಕೊನೆಯ ಆರೇಳು ಮಸೆತವೇ ನೂರು ಗರಿಯ ಬಾಳಿಕೆ ಕೊಡುತ್ತೆ ಅನ್ನೋದು ನನ್ನ ಲೆಕ್ಕ. ಮಸೆಯದೆ ಹಾಕಿದಾಗ ಇನ್ನೂರೈವತ್ತಕ್ಕೆ ಮೊಂಡಾಗಿತ್ತು, ಮಸೆದು ಹಾಕಿದರೆ ಮುನ್ನೂರೈವತ್ತು ದಾಟುತ್ತೆ. ಒಂದು ಜೊತೆಗೆ ಒಂದೂವರೆ ಗಂಟೆ. ನಿಕ್ಕು ಬಿದ್ದಿದ್ದರೆ ಎರಡೂವರೆ, ಜೊತೆಗೆ ಎರಡು ಕಾಫಿ.

ತೂಕ ಮರೆಯಬೇಡಿ. ಜಾಸ್ತಿ ಹಾಳಾದ ಬ್ಲೇಡನ್ನು ಮೊದಲು ಮುಗಿಸಿ, ಆಮೇಲೆ ಚೆನ್ನಾಗಿರೋದನ್ನು ಅದರ ತೂಕಕ್ಕೆ ಇಳಿಸಿ. ಚೆನ್ನಾಗಿರೋದನ್ನು ಸವೆಸೋಕೆ ಹೊಟ್ಟೆ ಉರಿಯುತ್ತೆ, ಆದರೂ ಸವೆಸಿ. ನಾನು ಒಂದು ಗ್ರಾಮಿಗೆ ತರ್ತೀನಿ. ಒಂದು ಸಾಣೆಗೆ ಏಳೆಂಟು ಗ್ರಾಂ ಹೋಗುತ್ತೆ, ಬಾಯಿ ಅರ್ಧ ಎಂಎಂಗಿಂತ ಸ್ವಲ್ಪ ಜಾಸ್ತಿ ಹಿಂದೆ ಸರಿಯುತ್ತೆ. ಒಂಬತ್ತು ಸಲ ಆದ ಮೇಲೆ ಈಗ 780ರ ಹತ್ತಿರ ಇವೆ, ಬೋಲ್ಟಿನ ಸ್ಲಾಟು ಇನ್ನೂ ಅರ್ಧ ಉಳಿದಿದೆ.

ವಾಪಸ್ ಬಿಗಿಯುವಾಗ ಬೆಡ್ ಬ್ಲೇಡಿಗೂ ಇದಕ್ಕೂ ಸಂದು ನೋಡೋಕೆ ಫೀಲರ್ ಗೇಜು ಹುಡುಕ್ತಾ ಕೂರಬೇಡಿ. ಮನೆಯಲ್ಲಿ ಲಗ್ನಪತ್ರಿಕೆ ಇರುತ್ತೆ. ದಪ್ಪ ರಟ್ಟಿನದನ್ನು ಎರಡು ಮಡಿಕೆ ಮಾಡಿದರೆ ಮುಕ್ಕಾಲು ಎಂಎಂ ಚಿಲ್ಲರೆ ಬರುತ್ತೆ. ಡಿಸ್ಕನ್ನು ಕೈಯಲ್ಲೇ ಮೆಲ್ಲಗೆ ತಿರುಗಿಸಿದರೆ ಪತ್ರಿಕೆ ಉಜ್ಜಿಕೊಂಡು ಹೋಗಬೇಕು, ಹರಿಯಬಾರದು. ಎರಡೂ ಬ್ಲೇಡಿಗೆ, ಎರಡೂ ತುದಿಗೆ ನೋಡಿ. ಹೋದ ತಿಂಗಳು ಮನೆಯಾಕೆ, “ನಮ್ಮಣ್ಣನ ಮಗಳ ಲಗ್ನಪತ್ರಿಕೆ ಎಲ್ಲಿ, ಛತ್ರದ ವಿಳಾಸ ನೋಡ್ಬೇಕು” ಅಂದಳು. ವಿಳಾಸದ ಮೇಲೆ ಗ್ರೀಸು ಕೂತಿತ್ತು. ಬೆಡ್ ಬ್ಲೇಡಿಗೆ ನಾಲ್ಕು ಬಾಯಿ, ಒಂದು ಸವೆದರೆ ತಿರುವಿ ಹಾಕಿ, ಸಾಣೆ ಯಾಕೆ? ನಾನು ನೂರೈವತ್ತು ಕೊಟ್ಟು ಎರಡು ಸಲ ಸಾಣೆ ಹಿಡಿಸಿದ್ದೆ, ಆಮೇಲೆ ತಿಳಿಯಿತು. ಬ್ಲೇಡ್ ಬಿಗಿಯೋ ನೈಲಾಕ್ ನಟ್ಟು (ಸಡಿಲವಾಗದ ಹಾಗೆ ಒಳಗೆ ನೈಲಾನ್ ಬಳೆ ಇರೋದು) ಮಾತ್ರ ಪ್ರತಿ ಸಲ ಹೊಸದು. ಅಲ್ಲಿ ಹತ್ತು ರೂಪಾಯಿ ಉಳಿಸಬೇಡಿ.

ನಡುವೆ ಒಂದೆರಡು ಹುಚ್ಚಾಟವೂ ಆಯಿತು. ಮೂವತ್ತು ಡಿಗ್ರಿ ಯಾಕೆ, ಇನ್ನೂ ಚೂಪು ಮಾಡಿದರೆ ಹೇಗೆ ಅಂತ ಇಪ್ಪತ್ತೆರಡಕ್ಕೆ ಇಳಿಸಿದೆ. ಅಬ್ಬ, ಬಾಳೆದಿಂಡು ಕೊಯ್ದ ಹಾಗೆ ಗರಿ ಕೊಯ್ಯಿತು, ಮುಳ್ಳು ನಾಲ್ಕೂವರೆ. ಆ ಖುಷಿ ಒಂದು ಗಂಟೆ. ಒಣಗಿದ ಎಡೆಮಟ್ಟೆಯ ಬುಡ ಬಂದ ಕೂಡಲೇ ಬಾಯಿ ಇಲಿ ಕಡಿದ ರೊಟ್ಟಿಯಂತಾಯಿತು. ಅದನ್ನು ಮತ್ತೆ ಮೂವತ್ತಕ್ಕೆ ತರೋಕೆ ಒಂದು ಇಡೀ ಸಾಯಂಕಾಲ. ಹಿಪ್ಪುನೇರಳೆ ಕಡ್ಡಿಯೊಂದನ್ನೇ ಕೊಯ್ಯೋರು ಇಪ್ಪತ್ತೈದಕ್ಕೆ ಪ್ರಯತ್ನಿಸಬಹುದೇನೋ, ನಮ್ಮದು ತೆಂಗು.

ಇನ್ನೊಂದು, ಲಾರಿಯ ಸ್ಪ್ರಿಂಗ್ ಪ್ಲೇಟಿನಿಂದ ಬ್ಲೇಡ್ ಮಾಡೋದು. ಆಚಾರ್ರು ತಟ್ಟಿ ಚಪ್ಪಟೆ ಮಾಡಿಕೊಟ್ಟರು, ನಾನು ತೂತು ಕೊರೆದೆ. ಹದ ಹಾಕುವಾಗ ಎಣ್ಣೆಗೆ ಅದ್ದೋಣ ಅಂತ ಅವರು ಅಂದರು, ನಾನು ಅರ್ಜೆಂಟಿನಲ್ಲಿ ನೀರಿಗೇ ಅದ್ದಿಸಿದೆ. ಟಿಣ್ ಅಂತ ಒಂದು ಸಣ್ಣ ಸದ್ದು. ಒರೆಸಿ ನೋಡಿದರೆ ಬೋಲ್ಟಿನ ತೂತಿನ ಪಕ್ಕ ಕೂದಲೆಳೆಯಂಥ ಬಿರುಕು. ಆಚಾರ್ರು ಏನೂ ಅನ್ನಲಿಲ್ಲ, ತಿದಿ ಬಿಟ್ಟು ಎದ್ದು ಹೋಗಿ ನೀರು ಕುಡಿದು ಬಂದರು. ಅದು ಡಿಸ್ಕಿನ ಮೇಲೆ ತಿರುಗುವಾಗ ಬಿಟ್ಟುಕೊಂಡಿದ್ದರೆ ಇದನ್ನು ಬರೆಯೋಕೆ ನಾನಿರುತ್ತಿರಲಿಲ್ಲ. ಆ ಪ್ಲೇಟು ಈಗ ಕೊಟ್ಟಿಗೆ ಬಾಗಿಲಿಗೆ ಒತ್ತು. ಬ್ಲೇಡನ್ನು ಮಾತ್ರ ದುಡ್ಡು ಕೊಟ್ಟೇ ತನ್ನಿ. ಹಳೆ ಗ್ರೈಂಡರಿನ ಗುಂಡುಕಲ್ಲಿನ ಮೇಲೆ ಮಸೆದು ನೋಡಿದ್ದೂ ಉಂಟು. ಕಲ್ಲು ನುಣುಪಾಯಿತು, ಬ್ಲೇಡಿಗೆ ಏನೂ ಆಗಲಿಲ್ಲ, ಮನೆಯಲ್ಲಿ ಮೂರು ದಿನ ಮಾತಿಲ್ಲ.

ಖರ್ಚು: ಮೋಟರ್, ಪುಲ್ಲಿ, ಶಾಫ್ಟು, ಚಕ್ರ 480, ಟ್ರ್ಯಾಕು, ಎಣ್ಣೆಕಲ್ಲು 150, ಒಟ್ಟು ಮೂರು ಸಾವಿರದ ನೂರು. ಹಾಳು ಮಾಡಿದ ಎರಡು ಜೊತೆಯಲ್ಲಿ ಮೊದಲನೆಯದು ಅರ್ಧ ಸವೆದಿತ್ತು, ಮೂರು ಸಾವಿರದ ಆರುನೂರು ಅಂತ ಹಾಕಿ. ಬೇರಿಂಗು 450. ಏಳು ಸಾವಿರದ ನೂರೈವತ್ತಾಯಿತು. ಒಂದು ಸಲಕ್ಕೆ ಎಂಟುನೂರು ಉಳಿದರೆ ಒಂಬತ್ತು ಸಲಕ್ಕೆ ಏಳು ಸಾವಿರದ ಇನ್ನೂರು. ಅಂದರೆ ಮೊನ್ನೆಗೆ ಲೆಕ್ಕ ಚುಕ್ತಾ, ಐವತ್ತು ರೂಪಾಯಿ ಲಾಭ. ಹಾಳಾದ ಬ್ಲೇಡಿನ ದುಡ್ಡು ಮನೆಯಲ್ಲಿ ಇನ್ನೂ ಹೇಳಿಲ್ಲ. ಅಕ್ಕಪಕ್ಕದವರಿಗೆ ಹಿಡಿದುಕೊಟ್ಟರೆ ಕಾಸು ಕೇಳಲ್ಲ, ಒಬ್ಬರು ಆಲೆಮನೆಯಿಂದ ಒಂದು ಕೆಜಿ ಅಚ್ಚುಬೆಲ್ಲ ತಂದುಕೊಟ್ಟರು.

ಕ್ಯಾನಿನ ನೀರಿಗೆ ನಾನೊಂದು ಸೇರಿಸ್ತೀನಿ, ಬ್ಲೇಡು ರಾತ್ರಿ ಒದ್ದೆಯಿದ್ದರೂ ತುಕ್ಕು ಹಿಡಿಯಲ್ಲ, ಕಲ್ಲಿನ ಕಣ್ಣೂ ಮುಚ್ಚಿಕೊಳ್ಳಲ್ಲ. ಅಡುಗೆಮನೆಯಲ್ಲೇ ಸಿಗೋ ಪದಾರ್ಥ. ಅದನ್ನು ಇಲ್ಲಿ ಬರೆಯಲ್ಲ. ತೋಟಕ್ಕೆ ಬಂದವರಿಗೆ ಎಳನೀರು ಕೊಟ್ಟು ತೋರಿಸ್ತೀನಿ.

ನಿನ್ನೆ ಭಾವಮೈದ ಬಂದಿದ್ದ. ಗೊಬ್ಬರದ ಚೀಲವೊಂದನ್ನು ಜಗಲಿ ಮೇಲೆ ಇಟ್ಟು, ಕಾಫಿ ಕುಡಿದು, ಮಳೆ ಬೆಳೆ ಮಾತಾಡಿ ಎದ್ದ. ಚೀಲದ ವಿಚಾರ ಬಾಯಿ ಬಿಡಲಿಲ್ಲ. ಗೇಟಿನ ಹತ್ತಿರ ಹೋಗಿ, “ಅರ್ಜೆಂಟೇನಿಲ್ಲ ಭಾವ, ಪುರ್ಸೊತ್ತಾದಾಗ” ಅಂದ. ಬಿಚ್ಚಿ ನೋಡಿದರೆ ಅವನ ಶ್ರೆಡ್ಡರಿನ ಬ್ಲೇಡು, ಎರಡಕ್ಕೂ ನೀಲಿ ಇಲ್ಲ, ಸದ್ಯ. ತಕ್ಕಡಿಗೆ ಇಟ್ಟೆ. 22 ಗ್ರಾಂ ವ್ಯತ್ಯಾಸ. ಎರಡು ವರ್ಷ ಹಾಗೇ ಓಡಿಸಿದ್ದಾನೆ, ಪುಣ್ಯಾತ್ಮ. ಬೇರಿಂಗ್ ಹೇಗಿದೆ ಅಂತ ಫೋನ್ ಮಾಡಿ ಕೇಳಬೇಕು.